ಮೇಣ ಮೆತ್ತಿದ ಮಡಕೆ

ಆಗಸ್ಟ್ 30, ಶುಕ್ರವಾರ, ಕುವೈತಿನ ಕಡಲಬದಿಯ ಒಂದು ಬಂಗಲೆಯ ಮೂರನೆಯ ಮಹಡಿಯಿಂದ ಅಫಿಯಾ ಎಂಬ ಮನೆಗೆಲಸದ ಹೆಂಗಸು ಬಿದ್ದು ಸತ್ತಳು. ಘಾನಾ ದೇಶದವಳು, ವಯಸ್ಸು ಇಪ್ಪತ್ತೊಂಬತ್ತು. ಠಾಣೆಯಲ್ಲಿ ಒಂದು ಪುಟದ ವರದಿ ಬರೆದು ಕಡತ ಮುಚ್ಚಿದರು. ಎಫ್‌ಐಆರ್ ಆಗಲಿಲ್ಲ.

ಅಕ್ಟೋಬರ್ 13, ಭಾನುವಾರ, ಅದೇ ಬಂಗಲೆಯಿಂದ ಒಂದು ಮಡಕೆ ಕಾಣೆಯಾಗಿದೆಯೆಂದು ಅದೇ ಠಾಣೆಗೆ ದೂರು ಬಂತು. ಬೆಳಿಗ್ಗೆ 9.40ಕ್ಕೆ ದೂರು, 10.05ಕ್ಕೆ ಎಫ್‌ಐಆರ್.

ಮಡಕೆಗೆ ವಿಮೆ ಇತ್ತು. ವಿಮೆಯ ಕಾಗದಗಳು ಇಂಗ್ಲಿಷಿನಲ್ಲಿದ್ದುದರಿಂದ ಅವನ್ನು ಅರಬ್ಬಿಗೆ ತಿರುಗಿಸಲು ಸ್ಯಾಮುವೆಲ್‌ನನ್ನು ಕರೆದರು. ಗುತ್ತಿಗೆ ಕಂಪನಿಯೊಂದರ ಮೂಲಕ ಹನ್ನೊಂದು ವರ್ಷದಿಂದ ಠಾಣೆಯಲ್ಲಿ ಅನುವಾದಕನಾಗಿದ್ದ ಅವನಿಗೆ ಐವತ್ತಾರು ದಾಟಿತ್ತು. ಕುವೈತಿಗೆ ಬರುವ ಮೊದಲು ಆರು ವರ್ಷ ಕಾರ್ಕಳದ ಕೋರ್ಟಿನಲ್ಲಿ ಬೆರಳಚ್ಚುಗಾರನಾಗಿದ್ದವನು. ಆ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಜೇಬಿನ ಡೈರಿಯಲ್ಲಿ ಎಲ್ಲವನ್ನೂ ಕನ್ನಡದಲ್ಲಿ, ಗಂಟೆ ನಿಮಿಷ ಸಮೇತ ಬರೆದುಕೊಳ್ಳುತ್ತಿದ್ದ. ಪಂಚನಾಮೆ ಎಂಬ ಪದ ಆ ಠಾಣೆಯಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಫೋಟೋದಲ್ಲಿದ್ದದ್ದು ಕಪ್ಪು ಮಣ್ಣಿನ ಪಾತ್ರೆ, ಒಂದೂವರೆ ಗೇಣು ಎತ್ತರ. ಮುಚ್ಚಳದ ಮೇಲೆ ಕಣ್ಣು ಮುಚ್ಚಿದ ಹೆಂಗಸಿನ ತಲೆ. ಹೊಟ್ಟೆಯ ಮೇಲೆ ಉಬ್ಬಿ ನಿಂತ ಒಂದು ಏಣಿ. ಕೆಳಗೆ ‘ಅಕಾನ್ ಜನರ ಕುಲದ ಮಡಕೆ’ ಎಂದಿತ್ತು.

“ಹಳೇ ಮಡಕೆಗೆ ಇಷ್ಟು ಗಲಾಟೆ,” ಎಂದ ಕ್ಯಾಪ್ಟನ್ ಬದರ್. ಠಾಣೆಯ ತನಿಖಾಧಿಕಾರಿ, ನಲವತ್ತರ ಆಸುಪಾಸಿನವನು, ಕೂಗಾಡುವ ಜಾತಿಯವನಲ್ಲ. “ಯಲ್ಲಾ ಸ್ಯಾಮ್, ಹೋಗಿ ನೋಡೋಣ.”

ಬೆಳಿಗ್ಗೆ 11.30ಕ್ಕೆ ಪಂಚನಾಮೆ ಶುರುವಾಯಿತು. ಮನೆಯ ಯಜಮಾನ ಅಬು ಯೂಸುಫ್ ಬಾಗಿಲಿಗೇ ಬಂದು ಕರೆದುಕೊಂಡು ಹೋದ. ಏಲಕ್ಕಿ ಹಾಕಿದ ಕಹ್ವಾ ಕಾಫಿ ಬಂತು, ಖರ್ಜೂರ ಬಂತು. ಅತಿಥಿಗಳನ್ನು ಕೂರಿಸುವ ಆ ದೊಡ್ಡ ಕೋಣೆಯ ಮೂರು ಗೋಡೆಗೂ ಗಾಜಿನ ಕಪಾಟು, ಪ್ರತಿ ಮಡಕೆಗೂ ಒಂದೊಂದು ಪುಟ್ಟ ದೀಪ.

“ಎಲ್ಲ ಪಶ್ಚಿಮ ಆಫ್ರಿಕಾದವು,” ಎಂದ ಯಜಮಾನ. “ಇದು ನೀರು ತಂಪಾಗಿಡುವ ಹಂಡೆ. ಮೈತುಂಬ ಗುಬುಟು ಇರುವ ಇದು ದೇವರ ಗುಡಿಯದು. ಇದು ಅಡುಗೆಯದು, ತಳದ ಮಸಿ ನೋಡಿ, ನಿಜವಾದ ಮಸಿ.”

ಇನ್ನೊಂದು ದೀಪದ ಕೆಳಗೆ ಒಳಮೈಯೆಲ್ಲ ಗೀರು ಹಾಕಿದ ಅಗಲ ಬಟ್ಟಲಿತ್ತು. ಯಾವಳೋ ಹೆಂಗಸು ಅದರಲ್ಲಿ ವರ್ಷಗಟ್ಟಲೆ ಮೆಣಸು ಅರೆದು ಅರೆದು ನಡುವಿನ ಗೀರುಗಳು ಸವೆದುಹೋಗಿದ್ದವು. ಆ ಸವೆತಕ್ಕೂ ಒಂದು ಚೀಟಿ ಅಂಟಿಸಿದ್ದರು. ಅರೆದವಳ ಹೆಸರು ಚೀಟಿಯಲ್ಲಿರಲಿಲ್ಲ.

ಕಾಣೆಯಾದ ಮಡಕೆ ಗಾಜಿನೊಳಗಿರಲಿಲ್ಲ. ಸೋಫಾದ ಪಕ್ಕದ ಎತ್ತರದ ಪೀಠದ ಮೇಲೆ, ಮುಚ್ಚಳ ತೆಗೆದು ಬದಿಗಿಟ್ಟು, ಮನೆಯೊಡತಿ ಅದರಲ್ಲಿ ಒಣಗಿದ ಹೂವು ಇಟ್ಟಿದ್ದಳು. ಈಗ ಮಡಕೆಯೂ ಇಲ್ಲ, ಮುಚ್ಚಳವೂ ಇಲ್ಲ. ಹೂವುಗಳು ಮಾತ್ರ ಒಂದು ಎಸಳೂ ಉದುರದ ಹಾಗೆ ಹಳೇ ಪತ್ರಿಕೆಯಲ್ಲಿ ಸುತ್ತಿಕೊಂಡು ಪೀಠದ ಮೇಲೇ ಮಲಗಿದ್ದವು.

“ಕಳ್ಳನಿಗೆ ಹೂವಿನ ಮೇಲೆ ಬಹಳ ಮರ್ಯಾದೆ,” ಎಂದ ಕಾನ್‌ಸ್ಟೆಬಲ್ ಸಾಲಿಮ್.

“ಕಳ್ಳ ಅಲ್ಲ, ಒರೆಸಿ ಜೋಡಿಸಿ ಅಭ್ಯಾಸ ಇರುವವರು,” ಎಂದ ಕ್ಯಾಪ್ಟನ್. “ಕೆಲಸದವರು ಎಷ್ಟು ಜನ?”

“ಇಬ್ಬರು. ಡ್ರೈವರ್ ಕೊರಗಪ್ಪ, ಇಂಡಿಯಾದವನು. ಕೆಲಸದವಳು ಕುಕುವಾ, ಘಾನಾದವಳು. ಮೊದಲು ಮೂವರಿದ್ದರು.”

ಮೂರನೆಯವಳು ಎಲ್ಲಿ ಎಂದು ಯಾರೂ ಕೇಳಲಿಲ್ಲ. ಮೇಲಿನ ಕೋಣೆಗಳನ್ನು ನೋಡಲು ಹೋದಾಗ ಮೂರನೆಯ ಮಹಡಿಯ ಕಿಟಕಿಗೆ ಹೊಸ ಕಬ್ಬಿಣದ ಜಾಲರಿ ಕೂರಿಸಿತ್ತು. ಬಿಳಿ ಬಣ್ಣದ ವಾಸನೆ ಇನ್ನೂ ಹೋಗಿರಲಿಲ್ಲ.

“ಇದು ಆಗ ಇರಲಿಲ್ಲ,” ಎಂದ ಸಾಲಿಮ್ ತಗ್ಗಿದ ದನಿಯಲ್ಲಿ.

“ಇವತ್ತಿನ ಕೇಸು ಮಡಕೆಯದು,” ಎಂದ ಕ್ಯಾಪ್ಟನ್.

ಸ್ಯಾಮುವೆಲ್ ಜಾಲರಿಯನ್ನೂ ಡೈರಿಯಲ್ಲಿ ಬರೆದುಕೊಂಡ.

ಗೇಟಿನ ಕ್ಯಾಮೆರಾ ಒಂದೇ ಸುಳಿವು ಕೊಟ್ಟಿತು. ಅಕ್ಟೋಬರ್ 11, ಶುಕ್ರವಾರ, ಮನೆಮಂದಿ ಸಮುದ್ರದಂಡೆಯ ತಂಗುಮನೆಗೆ ಹೋಗಿದ್ದರು. ಮಧ್ಯಾಹ್ನ 2.20ಕ್ಕೆ ಕೊರಗಪ್ಪ ಐಸ್ ತುಂಬುವ ದೊಡ್ಡ ಡಬ್ಬಿಯೊಂದನ್ನು ಕಾರಿನ ಡಿಕ್ಕಿಯಲ್ಲಿಟ್ಟು ಹೊರಟ. 5.05ಕ್ಕೆ ತಿರುಗಿ ಬಂದ. ಕಾರಿನ ಗಾಜು ಕಪ್ಪು. ಒಳಗೆ ಇನ್ಯಾರಿದ್ದರೋ ಕಾಣಲಿಲ್ಲ.

ಅಕ್ಟೋಬರ್ 14, ಸೋಮವಾರ, ಬೆಳಿಗ್ಗೆ 8.15ಕ್ಕೆ ಕೊರಗಪ್ಪನನ್ನು ಠಾಣೆಗೆ ತಂದರು. ನಲವತ್ತೆಂಟರ ಕಟ್ಟುಮಸ್ತಾದ ಆಳು. ಅಂಗಿಯ ಗುಂಡಿಯನ್ನು ಕುತ್ತಿಗೆಯವರೆಗೂ ಹಾಕಿಕೊಂಡು ಬಂದಿದ್ದ, ಬಸ್ಸಿನ ಡ್ರೈವರು ಚೆಕಿಂಗ್‌ಗೆ ನಿಂತ ಹಾಗೆ.

“ಊರು ಎಲ್ಲಿ?” ಕರಾವಳಿಯ ಮಾತಿನಲ್ಲೇ ಕೇಳಿದ ಸ್ಯಾಮುವೆಲ್.

“ವಿಟ್ಲದ ಹತ್ರ, ಸರ್. ನಿಮ್ಮದೂ ನಮ್ಮ ಕಡೆಯೇ ಅಲ್ವಾ? ಮಾತಿನಲ್ಲಿ ಗೊತ್ತಾಗ್ತದೆ.”

“ಮನೆಯಲ್ಲಿ ಎಂತ ಕಸುಬು?”

“ಅಪ್ಪ ಮಡಕೆ ಮಾಡ್ತಿದ್ರು. ಅವರು ಚಕ್ರ ತಿರುಗಿಸಿದ್ರು, ನಾನು ಸ್ಟೇರಿಂಗ್ ತಿರುಗಿಸ್ತೇನೆ. ಒಟ್ಟು ತಿರುಗಿಸುವುದು ನಮಗೆ ತಪ್ಪಲಿಲ್ಲ.”

ಕುಂಬಾರರ ಮಗ ಎಂದು ಅನುವಾದವಾದದ್ದೇ ಕ್ಯಾಪ್ಟನ್ ಬೆನ್ನು ನೆಟ್ಟಗೆ ಮಾಡಿ ಕೂತ. “ಹಾಗಾದರೆ ಬೆಲೆ ಗೊತ್ತಿರುವವನು. ಯಾರಿಗೆ ಮಾರಿದೆ?”

“ನಾನು ಮಾರ್ಲಿಲ್ಲ.”

“ಡಬ್ಬಿಯಲ್ಲಿ ಏನಿತ್ತು?”

“ಐಸು.”

“ಎಲ್ಲಿಗೆ ಐಸು?”

ಕೊರಗಪ್ಪ ನೆಲ ನೋಡಿದ.

ಅಷ್ಟರಲ್ಲಿ ಸಾಲಿಮ್ ಕಾರು ತಪಾಸಣೆ ಮುಗಿಸಿ ಒಳಗೆ ಬಂದ. ಡಿಕ್ಕಿಯ ಹಾಸಿನ ಕೆಳಗೆ ಸಿಕ್ಕಿದ್ದನ್ನು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಮೇಜಿನ ಮೇಲಿಟ್ಟ. ಎಂಟಾಣೆಯಷ್ಟು ಅಗಲದ ಕಪ್ಪು ಮಣ್ಣಿನ ಚೂರು.

“ಒಡೆದೇಬಿಟ್ಟಿದ್ದಾನೆ,” ಎಂದ ಕ್ಯಾಪ್ಟನ್. “ಖಲಾಸ್. ಕದ್ದು ಸಾಗಿಸುವಾಗ ಬಿದ್ದಿದೆ, ಉಳಿದದ್ದನ್ನು ಎಸೆದಿದ್ದಾನೆ.”

ಸ್ಯಾಮುವೆಲ್ ಲಕೋಟೆಯನ್ನು ಬೆಳಕಿಗೆ ಹಿಡಿದ. ಬಿದ್ದು ಒಡೆದ ಮಡಕೆಯ ಚೂರು ಉದ್ದಕ್ಕೋ ಮೂಲೆಗೋ ಹೋಗುತ್ತದೆ. ಇದು ದುಂಡಗಿತ್ತು. ಹೊರಮೈಯ ನಡುವೆ ಒಂದು ಬಿಳಿ ಚುಕ್ಕೆ. ಚೂಪಾದದ್ದೇನೋ ಅಲ್ಲಿ ತಾಗಿತ್ತು. ಅವನು ಹುಟ್ಟಿ ಬೆಳೆದ ಮಿಷನ್ ಕಾಂಪೌಂಡಿನ ಎದುರಿನ ಗದ್ದೆಯಾಚೆ ಹಿಂದೂಗಳು ಹೆಣ ಸುಡುವ ಜಾಗವಿತ್ತು. ನೀರು ತುಂಬಿದ ಮಡಕೆ ಹೊತ್ತು ಚಿತೆ ಸುತ್ತುವ ಮಗನ ಹಿಂದೆ ಒಬ್ಬ ನಡೆದು, ಸುತ್ತಿಗೊಂದು ಸಲ ಕತ್ತಿಯ ಮೂತಿಯಿಂದ ಮಡಕೆಗೆ ತಟ್ಟುತ್ತಿದ್ದ. ಪ್ರತಿ ತಟ್ಟಿಗೂ ಇಂಥದೇ ಒಂದು ದುಂಡು ಚೂರು ಹಾರುತ್ತಿತ್ತು. ಮಕ್ಕಳು ಮಾರನೆಯ ದಿನ ಅವನ್ನು ಹೆಕ್ಕಿ ಆಡಿ, ಮನೆಯಲ್ಲಿ ಪೆಟ್ಟು ತಿನ್ನುತ್ತಿದ್ದರು.

“ತೂತು ಯಾಕೆ ಮಾಡಿದಿ ಮಾರಾಯ?” ಎಂದು ಕೇಳಿದ.

ಕೊರಗಪ್ಪನ ತಲೆ ಥಟ್ಟನೆ ಮೇಲೆದ್ದಿತು. ಅವನ ಬಾಯಲ್ಲಿ ಸರ್ ಹೋಗಿ ಅಣ್ಣ ಬಂತು.

“ಅದು ಸಾವಿನ ಮಡಕೆ ಅಂತೆ ಅಣ್ಣ. ಸಾವಿನ ಮಡಕೆಯನ್ನು ಇಡೀ ಬಿಡ್ಲಿಕ್ಕುಂಟಾ? ಇಡೀ ಇದ್ರೆ ಹೋದವರು ಹೋಗುವುದು ಹೇಗೆ? ಸ್ಮಶಾನದ ಗೇಟಿನ ಹತ್ರ ಕಾರು ನಿಲ್ಲಿಸಿ, ಡಿಕ್ಕಿಯಲ್ಲೇ ಜಾಕಿಯ ರಾಡಿನಲ್ಲಿ ಒಂದೇ ಒಂದು ತಟ್ಟಿದೆ. ಮೂರು ತಟ್ಟಬೇಕಿತ್ತು. ಅಷ್ಟರಲ್ಲಿ ಕುಕ್ಕು ನೋಡಿ ಓಡಿ ಬಂದ್ಳು.”

“ಕುಕ್ಕು ಯಾರು?”

“ಕುಕುವಾ. ತುಳುವಿನಲ್ಲಿ ಕುಕ್ಕು ಅಂದ್ರೆ ಮಾವಿನಹಣ್ಣು ಅಂತ ಹೇಳಿದ ಮೇಲೆ ಅವಳಿಗೂ ಆ ಹೆಸರು ಅಡ್ಡಿಯಿಲ್ಲ.” ನಗಲು ಹೋದವನು ಅರ್ಧಕ್ಕೆ ನಿಲ್ಲಿಸಿದ. “ಅಯ್ಯೋ, ಅವಳ ಹೆಸರು ನನ್ನ ಬಾಯಲ್ಲಿ ಬಂದುಹೋಯ್ತು. ಅಣ್ಣ, ಅದೊಂದು ಹೇಳ್ಬೇಡಿ ಇವರಿಗೆ. ನಾನೇ ತೆಗೆದದ್ದು ಅಂತ ಹಾಕಿ.”

“ಏನಂತಾನೆ?” ಎಂದ ಕ್ಯಾಪ್ಟನ್.

ಒಂದು ವಾಕ್ಯ ಬಿಡುವುದು ಎಷ್ಟು ಸುಲಭವೆಂದು ಸ್ಯಾಮುವೆಲ್‌ನಿಗೆ ಚೆನ್ನಾಗಿ ಗೊತ್ತಿತ್ತು. ಬಿಡಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಅರಬ್ಬಿಯಲ್ಲಿ ಹೇಳಿದ. ಕೊರಗಪ್ಪನಿಗೆ ಅರಬ್ಬಿ ಅಷ್ಟಿಷ್ಟು ತಿಳಿಯುತ್ತಿತ್ತು. ಕುಕುವಾ ಎಂಬ ಹೆಸರು ಕೇಳಿದ್ದೇ ಮುಖ ತಿರುಗಿಸಿಕೊಂಡ.

“ಬೈದ್ಳು ಅವಳು ನನಗೆ,” ಎಂದ ಗೋಡೆಗೆ. “ಅವಳ ಭಾಷೆಯಲ್ಲಿ ಬೈದ್ಳು. ಅರ್ಥ ಆಗದಿದ್ರೂ ಬೈಗಳು ಅಂತ ಗೊತ್ತಾಗ್ತದಲ್ಲ. ಅವರಲ್ಲಿ ಅದು ಇಡೀ ಇರ್ಬೇಕಂತೆ. ತೂತಾದ್ರೆ ಸತ್ತವಳ ಮನೆಯೇ ಒಡೆದ ಹಾಗಂತೆ. ನನಗೆ ಯಾರು ಹೇಳಿದ್ದು ಅದು? ನಾನು ಒಳ್ಳೇದೇ ಮಾಡ್ಲಿಕ್ಕೆ ಹೋದದ್ದು.”

ಮಧ್ಯಾಹ್ನ 12.10ಕ್ಕೆ ಕುಕುವಾಳನ್ನು ಬಂಗಲೆಯಲ್ಲಿ ಬಂಧಿಸಿದರು. ಹಿಂಬದಿಯ ಕೋಣೆಯಲ್ಲಿ ಯಜಮಾನನ ಬಿಳಿ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದಳು. ಪೊಲೀಸರನ್ನು ಕಂಡು ಬೆಚ್ಚಲಿಲ್ಲ. ಕೈಯಲ್ಲಿದ್ದ ತೋಳಿನ ಮಡಿಕೆ ಪೂರ್ತಿ ಮುಗಿಸಿ, ಇಸ್ತ್ರಿಯ ಪ್ಲಗ್ ಕಿತ್ತು, ಅಂಗಿಯನ್ನು ಹ್ಯಾಂಗರಿಗೆ ಹಾಕಿದಳು. ಆಮೇಲೆ ಸ್ಯಾಮುವೆಲ್‌ನನ್ನು ನೋಡಿ ಇಂಗ್ಲಿಷಿನಲ್ಲಿ, “ಮತ್ತೆ ನೀವೇ ಬಂದಿರಾ ಅಂಕಲ್?” ಎಂದಳು.

“ಪರಿಚಯವಾ?” ಎಂದ ಸಾಲಿಮ್.

“ಆಗಸ್ಟಿನ ವರದಿಯಲ್ಲಿ ಸಾಕ್ಷಿ ಇವಳೇ,” ಎಂದ ಸ್ಯಾಮುವೆಲ್.

ಅಲ್ಲಿಂದ ನೇರ ಸ್ಮಶಾನಕ್ಕೆ ಹೋದರು. ಊರಾಚೆ, ಮುಸ್ಲಿಮರಲ್ಲದವರನ್ನು ಹೂಳುವ ಜಾಗ. ಗಿಡವಿಲ್ಲ, ನೆರಳಿಲ್ಲ, ಅಕ್ಟೋಬರಿನ ಬಿಸಿಲಿಗೂ ಮರಳು ಬೂಟಿನ ಅಡಿಯಿಂದ ಸುಡುತ್ತಿತ್ತು. ಅಫಿಯಾಳ ದೇಹವನ್ನು ಊರಿಗೆ ಕಳಿಸಲು ಯಜಮಾನ ಸಹಿ ಹಾಕಬೇಕಾದ ಕಾಗದಗಳು ಆಗಲೇ ಇಲ್ಲ. ಮೂರು ವಾರ ಶವಾಗಾರದಲ್ಲಿದ್ದು ಕೊನೆಗೆ ಇಲ್ಲಿಗೆ ಬಂದಿದ್ದಳು. ತಲೆಯ ಬಳಿ ಸಿಮೆಂಟಿನ ತುಂಡು, ಅದರ ಮೇಲೆ ಬರೀ ಒಂದು ಅಂಕಿ.

ಮಡಕೆ ಅಲ್ಲೇ ಇತ್ತು. ಅರ್ಧದವರೆಗೆ ಮರಳಿನಲ್ಲಿ ಹೂತು, ಸುತ್ತ ಕಲ್ಲು ಒತ್ತಿ ಅಲುಗದ ಹಾಗೆ ನಿಲ್ಲಿಸಿದ್ದಳು. ಹೊಟ್ಟೆಯ ಏಣಿಯ ಪಕ್ಕದ ತೂತಿಗೆ ಬಿಳಿ ಮೇಣ ಮೆತ್ತಿತ್ತು. ಬಿಸಿಲಿಗೆ ಮೇಣ ಮೆತ್ತಗಾಗಿ ಇಳಿಯತೊಡಗಿತ್ತು. ಕುಕುವಾ ಬಗ್ಗಿ ಹೆಬ್ಬೆರಳಿನಿಂದ ಅದನ್ನು ಮೇಲಕ್ಕೆ ಒತ್ತಿದಳು.

“ಮುಟ್ಟಬಾರದೆಂದು ಹೇಳು,” ಎಂದ ಕ್ಯಾಪ್ಟನ್.

ಸ್ಯಾಮುವೆಲ್ ಹೇಳಿದ. ಅವಳು ಒತ್ತುವುದನ್ನು ಮುಗಿಸಿಯೇ ಕೈ ತೆಗೆದಳು.

ಮುಚ್ಚಳ ತೆರೆದಾಗ ಒಳಗೆ ಒಂದು ಹಿಡಿ ಕೂದಲಿತ್ತು, ಸಣ್ಣ ಸುರುಳಿಗಳ ಕಪ್ಪು ಕೂದಲು. ನಡುವೆ ಅಲ್ಲಲ್ಲಿ ಪೂರ್ತಿ ನರೆತದ್ದೂ ಇತ್ತು. ಸಾಲಿಮ್ ಎರಡು ಹೆಜ್ಜೆ ಹಿಂದೆ ಸರಿದ. “ಮಾಟವಾ?”

“ಮಾಟ ಅಲ್ಲ,” ಎಂದಳು ಕುಕುವಾ. ಆ ಪದ ಅರಬ್ಬಿಯಲ್ಲೂ ಅವಳಿಗೆ ಗೊತ್ತಿತ್ತು. ಆಫ್ರಿಕಾದ ಹೆಂಗಸರು ಈ ಮನೆಗಳಲ್ಲಿ ಮೊದಲು ಕಲಿಯುವ ಪದಗಳಲ್ಲಿ ಅದೂ ಒಂದು. “ಅವಳ ಅಮ್ಮನ ಕೂದಲು. ಇಬ್ಬರು ಅಕ್ಕಂದಿರ ಕೂದಲು.”

1.25ಕ್ಕೆ ಮಡಕೆ ಜಪ್ತಿಯಾಯಿತು. ಪಂಚನಾಮೆಯಲ್ಲಿ ‘ಒಂದು ತೂತು, ಮೇಣ, ಒಳಗೆ ಕೂದಲು’ ಎಂದು ಬರೆದರು. ಫೋನಿನಲ್ಲಿ ವಿಷಯ ತಿಳಿದ ಯಜಮಾನ, ತೂತಾದದ್ದು ತನಗೆ ಬೇಡ, ವಿಮೆಯವರು ನೋಡಿಕೊಳ್ಳಲಿ, ಕಳ್ಳಿಗೆ ಮಾತ್ರ ಶಿಕ್ಷೆಯಾಗಬೇಕು ಎಂದ. ಡ್ರೈವರನ ಇಕಾಮಾ, ಅಂದರೆ ದೇಶದಲ್ಲಿರುವ ಪರವಾನಗಿ, ರದ್ದು ಮಾಡಲು ಅರ್ಜಿ ಆಗಲೇ ಹೋಗಿತ್ತು.

ಹೇಳಿಕೆ ಶುರುವಾದದ್ದು ಮಧ್ಯಾಹ್ನ 2.45ಕ್ಕೆ.

“ಹೆಸರು?”

“ಕುಕುವಾ. ಬುಧವಾರ ಹುಟ್ಟಿದವಳು. ನಮ್ಮಲ್ಲಿ ಹುಟ್ಟಿದ ವಾರವೇ ಹೆಸರು. ಅಫಿಯಾ ಶುಕ್ರವಾರದವಳು.”

“ಮಡಕೆ ತೆಗೆದದ್ದು ನೀನಾ?”

“ನಾನು.”

“ಯಾಕೆ?”

“ಅಫಿಯಾಗೆ ಬೇಕಿತ್ತು.”

“ಅಫಿಯಾ ಸತ್ತಿದ್ದಾಳೆ.”

“ಸತ್ತವರಿಗೆ ಅಂತಲೇ ಮಾಡುವ ಮಡಕೆ ಅದು.”

ಕ್ಯಾಪ್ಟನ್ ಪೆನ್ನು ಕೆಳಗಿಟ್ಟ. “ಬಿಡಿಸಿ ಹೇಳಲಿ.”

ಅವಳು ಹೇಳಿದಳು. ಆ ಮಡಕೆಗೆ ಅವರಲ್ಲಿ ಅಬುಸುವಾ ಕುರುವಾ ಎನ್ನುತ್ತಾರೆ, ಕುಲದ ಮಡಕೆ. ಯಾರಾದರೂ ಸತ್ತರೆ ಅವರ ರಕ್ತಸಂಬಂಧಿಗಳು ತಲೆ ಬೋಳಿಸಿಕೊಂಡು ಆ ಕೂದಲನ್ನು ಮಡಕೆಗೆ ಹಾಕುತ್ತಾರೆ, ಸಮಾಧಿಯ ಹತ್ತಿರ ಮಡಕೆಗಳಿಗೆಂದೇ ಮೀಸಲಾದ ಜಾಗದಲ್ಲಿ ಇಟ್ಟು ಬರುತ್ತಾರೆ. ಅದು ಅಂಗಡಿಯಲ್ಲಿ ಸಿಗುವುದಿಲ್ಲ, ಯಾರೂ ಮಾರುವುದಿಲ್ಲ. ಮಾರಾಟಕ್ಕೆ ಬಂದಿದೆಯೆಂದರೆ ಯಾರದೋ ಸಮಾಧಿಯ ಜಾಗದಿಂದ ಎತ್ತಿದ್ದು.

“ಮೂರು ವರ್ಷ ನಾವಿಬ್ಬರೂ ಅದನ್ನು ಒರೆಸಿದೆವು. ಗಾಜಿನ ಒಳಗಿರುವ ಆ ಗೀರಿನ ಬಟ್ಟಲಿದೆಯಲ್ಲ, ಅದನ್ನು ನೋಡಿ ನಗುತ್ತಿದ್ದೆವು. ನನ್ನ ಅಮ್ಮ ಅಂಥದರಲ್ಲಿ ದಿನಾ ಮೆಣಸು ಅರೀತಾಳೆ. ‘ಅಮ್ಮನಿಗೆ ಹೇಳು, ನಿನ್ನ ಅಡುಗೆಮನೆಗೂ ಒಂದು ದೀಪ ಹಾಕಿಸ್ತಾರೆ’ ಅಂತ ಅಫಿಯಾ ತಮಾಷೆ ಮಾಡುತ್ತಿದ್ದಳು. ಈ ಮಡಕೆ ಮುಂದೆ ಮಾತ್ರ ನಗುತ್ತಿರಲಿಲ್ಲ. ಮೇಡಮ್ ಹೂವು ಇಡು ಅಂದಾಗ ಅಫಿಯಾ ಇಡಲಿಲ್ಲ. ಇದರಲ್ಲಿ ಯಾರದೋ ತಾಯಿಯ ಕೂದಲಿತ್ತು ಅಂದಳು. ಕೆನ್ನೆಗೆ ಬಿತ್ತು. ಹೂವು ನಾನು ಇಟ್ಟೆ.”

“ಕೂದಲು ಎಲ್ಲಿಂದ ಬಂತು?”

“ಅವಳ ಊರಿಂದ. ರಜೆ ಮುಗಿಸಿ ಬಂದ ಒಬ್ಬ ಹೆಂಗಸು ತಂದಳು. ಮೈದಾನ್ ಹವಲ್ಲಿಯ ಅವಳ ಕೋಣೆಯಿಂದ ಕೊರಗಪ್ಪ ಪೊಟ್ಟಣ ತಂದುಕೊಟ್ಟ. ಒಳಗೇನಿದೆ ಅಂತ ಅವನಿಗೆ ಗೊತ್ತಿರಲಿಲ್ಲ. ದೇಹ ಊರಿಗೆ ಹೋಗಲಿಲ್ಲ, ಅದಕ್ಕೆ ಕೂದಲು ಇಲ್ಲಿಗೆ ಬಂತು.”

“ನಿನ್ನ ಕೂದಲೂ ಇದೆಯಾ ಅದರಲ್ಲಿ?”

“ಇಲ್ಲ. ನಾನು ಅವಳ ರಕ್ತ ಅಲ್ಲ. ನನಗೆ ಆ ಹಕ್ಕಿಲ್ಲ.”

“ಡ್ರೈವರ್?”

“ಅವನು ಒಳ್ಳೆಯವನು. ಒಳ್ಳೆಯತನದಿಂದಲೇ ಮಡಕೆ ಹಾಳು ಮಾಡಿದ. ಎರಡು ದಿನ ನಾನು ಅವನ ಹತ್ತಿರ ಮಾತಾಡಲಿಲ್ಲ. ಈಗ ಹೇಳಿ, ಮೇಣ ಹಿಡಿದಿದೆ ಅಂತ.”

ಮೇಣ ಇಳಿಯುತ್ತಿದ್ದುದನ್ನು ಅವಳೂ ನೋಡಿದ್ದಳು.

ಕ್ಯಾಪ್ಟನ್‌ಗೆ ಫೋನ್ ಬಂತು. ಮಾತಾಡುತ್ತಾ ಕಾರಿಡಾರಿಗೆ ಹೋದ. ಬಾಗಿಲಲ್ಲಿ ಸಾಲಿಮ್ ಬೇರೆಲ್ಲೋ ನೋಡುತ್ತಾ ನಿಂತಿದ್ದ. ಕುಕುವಾ ಮೇಜಿನ ಮೇಲೆ ಬಗ್ಗಿದಳು.

“ಆವತ್ತು ನಾನು ಹೇಳಿದ್ದನ್ನು ನೀವು ಬರೆಯಲಿಲ್ಲ ಅಂಕಲ್.”

ಸ್ಯಾಮುವೆಲ್ ಡೈರಿಯ ಮೇಲೆ ಕೈ ಇಟ್ಟುಕೊಂಡು ಕೂತ.

“ವರದಿಯ ಪ್ರತಿಯನ್ನು ಅವಳ ಅಮ್ಮನಿಗೆ ಕಳಿಸಬೇಕಿತ್ತು. ಚರ್ಚಿನಲ್ಲಿ ಅರಬ್ಬಿ ಬಲ್ಲ ಒಬ್ಬರು ಓದಿ ಹೇಳಿದರು. ‘ಕಿಟಕಿ ಒರೆಸುವಾಗ ಕಾಲು ಜಾರಿ.’ ನಾನು ಹಾಗೆ ಹೇಳಿದ್ದೆನಾ?”

“ಇಲ್ಲ.”

“ಏನು ಹೇಳಿದ್ದೆ?”

ಅವನಿಗೆ ಅಕ್ಷರಕ್ಷರ ನೆನಪಿತ್ತು. ಗುತ್ತಿಗೆಯ ಅವಧಿ ಮುಗಿದಿದೆ, ಊರಿಗೆ ಹೋಗುತ್ತೇನೆ, ಪಾಸ್‌ಪೋರ್ಟ್ ಕೊಡಿ ಎಂದು ಅಫಿಯಾ ಕೇಳಿದ್ದಳು. ಮೂರನೆಯ ಮಹಡಿಯ ಕೋಣೆಗೆ ಹೊರಗಿನಿಂದ ಬೀಗ ಬಿತ್ತು. ಎರಡು ದಿನ ಬಾಗಿಲು ತೆರೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಅವಳು ಹಾಸಿಗೆಯ ಚಾದರಗಳನ್ನು ಒಂದಕ್ಕೊಂದು ಗಂಟು ಹಾಕಿ ಕಿಟಕಿಯಿಂದ ಇಳಿದಳು. ಗಂಟು ಬಿಚ್ಚಿತು. ಇಷ್ಟನ್ನೂ ಸ್ಯಾಮುವೆಲ್ ಬಾಯಲ್ಲಿ ಅನುವಾದ ಮಾಡಿ ಹೇಳಿದ್ದ. ‘ನಾವು ಕೇಳಿದ್ದು ಹೇಗೆ ಬಿದ್ದಳು ಅಂತ ಅಷ್ಟೇ. ಕಿಟಕಿ ಅಂತ ಹಾಕು, ಸಾಕು,’ ಎಂದಿದ್ದ ಕ್ಯಾಪ್ಟನ್. ಅವನು ಕಿಟಕಿ ಅಂತ ಹಾಕಿದ. ಅದರ ಜೊತೆಗೆ ಒರೆಸುವಾಗ ಕಾಲು ಜಾರಿ ಎಂದು ಸೇರಿಸಿದ್ದು ತಾನೇ, ವಾಕ್ಯ ಪೂರ್ತಿಯಾಗಲೆಂದು. ಕೆಳಗೆ ಸಹಿ ಮಾಡಿದ. ಓದಲು ಬಾರದ ಲಿಪಿಯ ಕೆಳಗೆ ಕುಕುವಾ ಹೆಬ್ಬೆಟ್ಟು ಒತ್ತಿದಳು.

“ಈ ಸಲ ಬರೆಯಿರಿ,” ಎಂದಳು. “ಮಡಕೆ ಯಾಕೆ ತೆಗೆದೆ ಅಂತ ಕೇಳಿದ್ದಾರೆ. ಅವಳು ಹೇಗೆ ಸತ್ತಳು ಅಂತ ಬರೆಯದೆ ಅದನ್ನು ಬರೆಯಲಿಕ್ಕೆ ಆಗುವುದಿಲ್ಲ.”

“ಬರೆದರೆ ಕೇಸು ದೊಡ್ಡದಾಗುತ್ತದೆ. ನೀನು ಜಾಸ್ತಿ ದಿನ ಒಳಗಿರಬೇಕಾಗುತ್ತದೆ.”

“ಮೂರು ವರ್ಷದಿಂದ ಒಳಗೇ ಇದ್ದೇನೆ ಅಂಕಲ್.”

ಸಂಜೆ ಏಳಕ್ಕೆ ಅಬು ಹಲೀಫಾದ ಫ್ಲ್ಯಾಟಿನಲ್ಲಿ ಹೆಂಡತಿ ಮರೀನಾ ಬಂಗುಡೆ ಸಾರು ಬಡಿಸಿದಳು. ಸ್ಯಾಮುವೆಲ್ ಅನ್ನ ಕಲಸಿದ, ತಿನ್ನಲಿಲ್ಲ. ಮಗಳು ವೆಲಿಟಾ ಹನ್ನೆರಡನೇ ಕ್ಲಾಸಿನ ಪುಸ್ತಕದಿಂದ ತಲೆಯೆತ್ತಿ, “ವಾಟ್ ಹ್ಯಾಪನ್ಡ್ ಡ್ಯಾಡಾ?” ಎಂದು ಕೇಳಿ, ಉತ್ತರ ಬಾರದ್ದಕ್ಕೆ ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಮೂವರ ಇಕಾಮಾವೂ ಅವನೊಬ್ಬನ ಕೆಲಸಕ್ಕೆ ಗಂಟು ಬಿದ್ದಿತ್ತು.

ಆಗಸ್ಟಿನಲ್ಲಿ ಹೇಳದೆ ಇಟ್ಟುಕೊಂಡದ್ದನ್ನು ಅವನು ಆಗ ಹೇಳಿದ. ಮರೀನಾ ಸೌಟು ಹಿಡಿದುಕೊಂಡೇ ಕೇಳಿದಳು.

“ಬಾಗಿಲಿಗೆ ಹೊರಗಿಂದ ಬೀಗ ಹಾಕಿದ್ದಾ?”

“ಹೌದು.”

“ಎರಡು ದಿನ?”

“ಹೌದು.”

“ಅದನ್ನು ನೀವು ಬರೀಲಿಲ್ಲ.”

“ಬರೀಲಿಲ್ಲ.”

ಅವಳು ಸೌಟನ್ನು ಪಾತ್ರೆಗೆ ಹಾಕಿದಳು. “ಎಂಗೇಜ್‌ಮೆಂಟಿನಿಂದ ಹಿಡಿದು ಈ ತನಕ ನೀವು ನನ್ನ ಹತ್ರ ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ. ಒಂದೂವರೆ ತಿಂಗಳು ಈ ಮನೆಯಲ್ಲಿ ಊಟ ಮಾಡ್ಕೊಂಡು ಇದ್ರಲ್ಲ, ಒಂದು ಮಾತು ಬಾಯಿ ಬಿಟ್ಟಿದ್ರೆ ಎಂತ ಆಗ್ತಿತ್ತು?”

“ನಾಳೆ ಇನ್ನೊಂದು ಹೇಳಿಕೆಗೆ ನನ್ನ ಸಹಿ ಬೇಕು. ಈಗ ಎಂತ ಮಾಡುವುದು ಹೇಳು.”

“ನನ್ನನ್ನು ಕೇಳ್ಬೇಡಿ,” ಎಂದಳು ಮರೀನಾ. “ವೆಲಿಟಾಳ ಪರೀಕ್ಷೆ ಫೆಬ್ರವರಿಗೆ. ಕೇಳಿದ್ರೆ ನಾನು, ಅವರು ಎಂತ ಬರೆದ್ರೂ ಸಹಿ ಹಾಕಿ ಅಂತಲೇ ಹೇಳ್ತೇನೆ. ಅದಕ್ಕೇ ಕೇಳ್ಬೇಡಿ.”

ಅಕ್ಟೋಬರ್ 15, ಮಂಗಳವಾರ, ಬೆಳಿಗ್ಗೆ 8.30. ಅರಬ್ಬಿಯಲ್ಲಿ ಟೈಪಾದ ಹೇಳಿಕೆ ಮೇಜಿನ ಮೇಲಿತ್ತು. ಕೊನೆಯಲ್ಲಿ ಮೂರು ಗೆರೆಗಳು: ಆರೋಪಿ, ತನಿಖಾಧಿಕಾರಿ, ಅನುವಾದಕ. ಮೊದಲೆರಡರ ಮೇಲೆ ಆಗಲೇ ಶಾಯಿ ಬಿದ್ದಿತ್ತು. ಪುಟ ಓದಿ ಹೇಳುವ ಮೊದಲೇ ಸಾಲಿಮ್ ಅವಳಿಂದ ಹೆಬ್ಬೆಟ್ಟು ಒತ್ತಿಸಿಕೊಂಡಿದ್ದ.

ಸ್ಯಾಮುವೆಲ್ ನಿಂತೇ ಓದಿದ. ‘ಮಡಕೆ ಬೆಲೆಬಾಳುವುದೆಂದು ತಿಳಿದು, ಮಾರುವ ಉದ್ದೇಶದಿಂದ ತೆಗೆದು, ಸಿಕ್ಕಿಬೀಳುವ ಭಯಕ್ಕೆ ಸ್ಮಶಾನದಲ್ಲಿ ಅಡಗಿಸಿಟ್ಟೆ.’ ಕೂದಲಿನ ಮಾತಿಲ್ಲ. ಅಫಿಯಾ ಎಂಬ ಹೆಸರು ಇಡೀ ಪುಟದಲ್ಲಿ ಎಲ್ಲೂ ಇಲ್ಲ.

“ಇದು ಅವಳು ಹೇಳಿದ್ದಲ್ಲ.”

“ಗೊತ್ತು,” ಎಂದ ಕ್ಯಾಪ್ಟನ್ ಬದರ್. ಎದ್ದು ಬಾಗಿಲು ಹಾಕಿದ. “ಕೂತುಕೋ ಸ್ಯಾಮ್. ನಾನು ನಿನಗೆ ಕೇಡು ಬಯಸುವವನಲ್ಲ. ಇದು ಸಣ್ಣ ಕಳ್ಳತನ. ಹೆಚ್ಚೆಂದರೆ ಎರಡು ತಿಂಗಳು, ಆಮೇಲೆ ಅವಳನ್ನು ವಿಮಾನ ಹತ್ತಿಸುತ್ತಾರೆ. ಅವಳಿಗೆ ಬೇಕಾದ್ದೂ ಊರೇ ತಾನೆ? ಸತ್ತವಳನ್ನು ಇದರೊಳಗೆ ತಂದರೆ ಪ್ರಾಸಿಕ್ಯೂಟರ್ ಆಗಸ್ಟಿನ ಕಡತ ತರಿಸುತ್ತಾನೆ. ಆ ಪುಟದ ಕೆಳಗೆ ಯಾರ ಸಹಿ ಇದೆ?”

“ನನ್ನದು. ನಿಮ್ಮದೂ.”

“ನಾನು ಈ ದೇಶದವನು. ನನಗೆ ವರ್ಗ ಆಗಬಹುದು. ನಿನಗೆ ಸುಳ್ಳು ಅನುವಾದದ ಕೇಸು ಬೀಳುತ್ತದೆ. ಕೆಲಸ ಹೋಗುತ್ತದೆ, ಇಕಾಮಾ ಹೋಗುತ್ತದೆ. ನಿನ್ನ ಮಗಳು ಎಷ್ಟನೇ ಕ್ಲಾಸು?”

ಕ್ಯಾಪ್ಟನ್ ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಈ ದೇಶದಲ್ಲಿ ಸ್ಯಾಮುವೆಲ್‌ನಂಥವರನ್ನು ನಡೆಸುವುದಕ್ಕೆ ಸುಳ್ಳು ಹೇಳಬೇಕಾಗಿಯೇ ಇರಲಿಲ್ಲ, ಇದ್ದದ್ದನ್ನು ಮೆಲ್ಲಗೆ ನೆನಪಿಸಿದರೆ ಸಾಕಿತ್ತು. ಹನ್ನೊಂದು ವರ್ಷದಲ್ಲಿ ಎಷ್ಟು ಜನ ಹೆಂಗಸರು ಈ ಕುರ್ಚಿಯಲ್ಲಿ ಕೂತು ಮಾತಾಡಿ ಹೋಗಿದ್ದರು, ಅವರ ಎಷ್ಟು ಮಾತು ಅವನ ಕೈದಾಟಿ ಕಾಗದಕ್ಕೆ ಇಳಿದಿತ್ತು, ಎಷ್ಟು ಇಳಿದಿರಲಿಲ್ಲ ಎಂದು ಲೆಕ್ಕ ಹಾಕಹೊರಟು ಅರ್ಧಕ್ಕೆ ಬಿಟ್ಟ.

ಬಾಗಿಲಿನ ಗಾಜಿನಾಚೆ ಬೆಂಚಿನ ಮೇಲೆ ಕುಕುವಾ ಕೂತಿದ್ದಳು, ಜೈಲಿನ ವಾಹನ ಬರುವುದಿತ್ತು. ಹೆಬ್ಬೆಟ್ಟಿನ ನೀಲಿ ಶಾಯಿಯನ್ನು ಲಂಗದ ಅಂಚಿಗೆ ಉಜ್ಜುತ್ತಿದ್ದಳು. ತನ್ನಿಂದ ಏನು ಹೇಳಿಸಿದ್ದಾರೆಂದು ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಕ್ಯಾಪ್ಟನ್ ಪೆನ್ನಿನ ಟೋಪಿ ತೆಗೆದು ಅವನ ಮುಂದಿಟ್ಟ. “ಹತ್ತು ಗಂಟೆಗೆ ಕಡತ ಹೋಗಬೇಕು. ಹಾಕು.”

ಸ್ಯಾಮುವೆಲ್ ಕಾಗದವನ್ನು ಒಂದು ಬೆರಳಿನಿಂದ ಮೇಜಿನ ಆ ಬದಿಗೆ ಸರಿಸಿದ.

“ಇದಕ್ಕೆ ನಾನು ಸಹಿ ಹಾಕುವುದಿಲ್ಲ, ಸರ್.”